ಹಳದಿ ಗೆರೆಯ ಮೇಲೆ ನಿಂತ ಕಾರು

ಮಾರ್ಚ್ 3, ಸೋಮವಾರ

ಬೆಳಿಗ್ಗೆಯಿಂದ ಮೂರು ಸ್ಕೂಟರ್, ಒಂದು ಶಾಲಾ ವ್ಯಾನು. ವ್ಯಾನಿನ ಹಿಂದಿನ ಚಕ್ರ ಬಿಚ್ಚಿ, ಡ್ರಮ್ ಒರೆಸಿ, ಇನ್ನೇನು ಬ್ರೇಕ್ ಶೂ ಕೈಗೆತ್ತಿಕೊಳ್ಳಬೇಕು — ಅಕ್ಕನ ಪ್ರವೇಶ!

ಪ್ರವೇಶಕ್ಕೆ ಸದ್ದೇ ಇಲ್ಲ. ಅದೇ ನನಗೆ ಆಗದ್ದು. ರಥ ಎಂದಮೇಲೆ ಗುಡುಗಬೇಕು. ಇವಳ ಎಲೆಕ್ಟ್ರಿಕ್ ಕಾರು ಹಾಲು ಕುಡಿಯಲು ಬಂದ ಬೆಕ್ಕಿನಂತೆ ಒಳಗೆ ಬರುತ್ತದೆ. ತಲೆಯ ಮೇಲೆ 'ಡ್ರೈವಿಂಗ್ ಸ್ಕೂಲ್' ಎಂಬ ಕಿರೀಟ ಬೇರೆ. ಈ ಊರಿನ ಅರ್ಧ ಹೆಂಗಸರ ಕೈಗೆ ಸ್ಟೀರಿಂಗ್ ಕೊಟ್ಟವಳು ಅಕ್ಕ. ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಕೆಳಗೂ ಒಂದು ಬ್ರೇಕ್ ಪೆಡಲ್ ಇಟ್ಟುಕೊಂಡು, ಮೂವತ್ತು ವರ್ಷ ಕಲಿಸಿದ್ದಾಳೆ.

ತಂದು ನಿಲ್ಲಿಸಿದ್ದೆಲ್ಲಿ? ಶೆಡ್ಡನ್ನು ಎರಡು ಪಾಲು ಮಾಡಿದ ಹಳದಿ ಗೆರೆಯ ಮೇಲೆ. ಎರಡು ಚಕ್ರ ನನ್ನ ಕಡೆ, ಎರಡು ಚಕ್ರ ತಮ್ಮನ ಕಡೆ.

"ಅಕ್ಕಾ, ಯಾವುದಾದ್ರೂ ಒಂದು ಕಡೆ ನಿಲ್ಲಿಸು."

"ನನಗೆ ಇಬ್ಬರೂ ತಮ್ಮಂದಿರೇ ಕಣೋ. ಎಡಗಡೆ ನೀನು ಮಾಡು, ಬಲಗಡೆ ಅವನು ಮಾಡ್ಲಿ. ನಡುವೆ ಮಾತು ಬಂದ್ರೆ ಆಡಿ. ಬರದಿದ್ರೆ ನನಗೆ ಬ್ರೇಕ್ ಹಿಡಿದ್ರೆ ಸಾಕು."

ಮುಂದಿನ ಎರಡೂ ಕ್ಯಾಲಿಪರ್ ತುಕ್ಕು ತಿಂದು ಬಿಗಿದುಕೊಂಡಿವೆ. ಚಕ್ರದ ಡಿಸ್ಕನ್ನು ಅಮುಕಿ ಹಿಡಿಯಬೇಕಾದ ಹಿಡಿಗಳೇ ಅಲುಗುತ್ತಿಲ್ಲ. ಈ ಜಾತಿಯ ಕಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸಾಕು, ಮೋಟಾರೇ ಹಿಂದಕ್ಕೆಳೆದು ನಿಲ್ಲಿಸುತ್ತದಂತೆ. ಬ್ರೇಕಿಗೆ ಕೆಲಸವಿಲ್ಲ. ಪಾತ್ರ ಸಿಗದ ನಟನ ಹಾಗೆ ಮೂಲೆಯಲ್ಲಿ ಕೂತು ಕೆಡುತ್ತದೆ.

ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದೆ: ಮುಂದಿನ ಎರಡೂ ಹೊಸದು ಬೇಕು. ಕೈ ತೊಳೆದು ಬರುವಷ್ಟರಲ್ಲಿ ಕೆಳಗೆ ಅವನ ಇರುವೆ ಅಕ್ಷರ: ಆರ್ಡರ್ ಮಾಡಿದ್ದೇನೆ. ನಾಳೆ.

ಹನ್ನೊಂದು ತಿಂಗಳಿನಿಂದ ಹೀಗೆಯೇ. ಅಣ್ಣ ತಮ್ಮಂದಿರ ಮಾತೆಲ್ಲ ಮೂರಡಿ ಬೋರ್ಡಿನಲ್ಲಿ.

ಮಾರ್ಚ್ 4, ಮಂಗಳವಾರ. ಸಂಜೆ 5

ಬಿಡಿಭಾಗದ ಅಂಗಡಿಯವನು ಎರಡು ಡಬ್ಬ ತಂದ. ನನ್ನ ಕಡೆ ಒಂದು ಇಟ್ಟ, ಅವನ ಕಡೆ ಒಂದು ಇಟ್ಟ, ಹೋದ. ಅವನಿಗೂ ನಮ್ಮ ಗೆರೆಯ ವ್ಯವಹಾರ ಬಾಯಿಪಾಠವಾಗಿದೆ.

ಎಡ ಚಕ್ರ ನನ್ನದು. ಬಲ ಚಕ್ರ ಅವನದು. ನಡುವೆ ಇಡೀ ಕಾರು ಅಡ್ಡ ಪರದೆಯಾಗಿ ನಿಂತಿದೆ. ಅವನ ಸ್ಪ್ಯಾನರಿನ ಸದ್ದು ಕೇಳುತ್ತದೆ, ಮುಖ ಕಾಣುವುದಿಲ್ಲ. ಒಳ್ಳೆಯದೇ.

ಹೊಸ ಕ್ಯಾಲಿಪರ್ ಸಲೀಸಾಗಿ ಕೂತಿತು. ಒಂದೇ ಒಂದು ವಿಚಿತ್ರ. ಗಾಳಿ ತೆಗೆಯುವ ನಿಪ್ಪಲ್ ಕೆಳಮುಖವಾಗಿತ್ತು. ಕೈ ಒಂದು ಗಳಿಗೆ ನಿಂತಿತು. ನಲವತ್ತು ವರ್ಷದಲ್ಲಿ ಕೆಳಮುಖದ ನಿಪ್ಪಲ್ ಕಂಡಿಲ್ಲ. ಗೆರೆಯಾಚೆ ಎಲೆಕ್ಟ್ರಿಕ್ ಕಾರಿನ ಟ್ರೈನಿಂಗ್ ಮುಗಿಸಿ ಬಂದ ಪಂಡಿತ ಇದ್ದ. ಒಂದು ಮಾತು ಕೇಳಬಹುದಿತ್ತು...

ಕೇಳಲಿಲ್ಲ. ಹೊಸ ಕಾಲದ ಗಾಡಿ, ಹೊಸ ಕಾಲದ ರೂಢಿ. ಇರಬಹುದು.

ಬ್ರೇಕ್ ಆಯಿಲ್ ತುಂಬಿ, ಪೈಪಿನೊಳಗಿನ ಏರ್ ತೆಗೆಯಲು ಮೊದಲು ಇಬ್ಬರು ಬೇಕಿತ್ತು. ಒಬ್ಬ ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬ ಕೆಳಗೆ ಮಲಗಿ ನಿಪ್ಪಲ್ ತೆರೆಯಬೇಕು, ಇಬ್ಬರೂ ಕೂಗಿ ಹೇಳಬೇಕು. ಈಗ ತಮ್ಮನದೊಂದು ಪ್ರೆಷರ್ ಮಷಿನ್ ಇದೆ. ಅದೇ ಆಯಿಲ್ ನೂಕುತ್ತದೆ. ಮಾತು ಬಿಟ್ಟವರಿಗೆಂದೇ ಮಾಡಿದ ಯಂತ್ರ!

ಪೆಡಲ್ ಸ್ವಲ್ಪ ಮೆತ್ತಗಿತ್ತು. ಎರಡು ಸಲ ಒತ್ತಿದರೆ ಗಟ್ಟಿ. ಹೊಸ ಬ್ರೇಕ್ ಪ್ಯಾಡ್, ನಾಲ್ಕು ದಿನ ಓಡಿದರೆ ಕೂರುತ್ತದೆ ಅಂದುಕೊಂಡೆ. ಮಧ್ಯಾಹ್ನ ಊರು ಸುತ್ತಿಸಿ ನೋಡಿದೆ. ಚೆನ್ನಾಗಿಯೇ ನಿಂತಿತು. ರಿಜಿಸ್ಟರಿನಲ್ಲಿ ಬರೆದೆ: ಬ್ರೇಕ್ ಸರಿ.

ಮಾರ್ಚ್ 7, ಶುಕ್ರವಾರ

ಅಕ್ಕನ ಫೋನು, ಬೆಳಿಗ್ಗೆ ಎಂಟಕ್ಕೆ.

"ಲೋ, ಬ್ರೇಕ್ ಮೆತ್ತಗಿದೆ ಕಣೋ. ಹತ್ತಿ ದಿಂಬು ತುಳಿದ ಹಾಗೆ."

"ಈಗ್ಲೇ ತಾ."

"ಈಗ ಪಾಠ ಇದೆ. ಟೈಲರಮ್ಮ ಕಾಯ್ತಿದ್ದಾರೆ."

ಟೈಲರಮ್ಮ ಎಂದರೆ ಪೋಸ್ಟಾಫೀಸಿನ ಎದುರು ಹೊಲಿಗೆ ಅಂಗಡಿ ಇಟ್ಟವರು. ಐವತ್ನಾಲ್ಕು ವರ್ಷ, ಮೊದಲ ಸಲ ಸ್ಟೀರಿಂಗ್ ಹಿಡಿದಿದ್ದಾರೆ. ಅಕ್ಕನಿಗೆ ಅವರೆಂದರೆ ಅಭಿಮಾನ. "ಪೆಡಲ್ ಅವರಿಗೆ ಹೊಸದಲ್ಲಪ್ಪ, ಮೂವತ್ತು ವರ್ಷ ಮಷಿನ್ ತುಳಿದ ಕಾಲು. ಎಷ್ಟು ಬೇಕೋ ಅಷ್ಟೇ ಒತ್ತುತ್ತಾರೆ" ಅನ್ನುತ್ತಾಳೆ.

ಕಾರು ಬಂದದ್ದು ಮಧ್ಯಾಹ್ನ ಮೂರಕ್ಕೆ. ಓಡಿಸಿದೆ. ಕಾಲು ತೆಗೆದರೆ ನಿಲ್ಲುತ್ತದೆ, ಒತ್ತಿದರೂ ನಿಲ್ಲುತ್ತದೆ. "ಎಲೈ ಬ್ರೇಕೇ, ನಿನ್ನ ಅಪರಾಧವೇನು?" ಎಂದು ಮಾರ್ಕೆಟ್ ರಸ್ತೆಯಲ್ಲಿ ಗರ್ಜಿಸಿದೆ. ಉತ್ತರವಿಲ್ಲ. ಅಪರಾಧಿಯೂ ಇಲ್ಲ, ಅಪರಾಧವೂ ಇಲ್ಲ.

ಮಾರ್ಚ್ 8, ಶನಿವಾರ

ಎರಡು ಸ್ಕೂಟರ್. ತಲೆನೋವು. ಹೆಂಡತಿ ಕೇಳಿದಳು, "ರೀ, ಮನೇಲಿ ನನ್ನ ಜೊತೆ ಮಾತಾಡೋವಾಗ್ಲೂ ಯಾಕೆ ಕೊನೇ ಸಾಲಿಗೆ ಕೇಳೋ ಹಾಗೆ ಕೂಗ್ತೀರಿ? ನಾನು ಇಲ್ಲೇ ಇದ್ದೀನಿ." ಅಪ್ಪನ ನಾಟಕ ಕಂಪನಿಯಲ್ಲಿ ಐದನೇ ವರ್ಷಕ್ಕೇ ರಾಜಕುಮಾರನಾದವನು ನಾನು. ಕಡೆಯ ಬೆಂಚಿನವನಿಗೆ ಕೇಳದ ಮಾತು ಮಾತೇ ಅಲ್ಲ ಎಂದು ಅಪ್ಪ ಬೆನ್ನಿಗೆ ಗುದ್ದಿ ಕಲಿಸಿದ್ದು.

ತಮ್ಮನಿಗೆ ಕಂಠ ಇರಲಿಲ್ಲ. ಅವನನ್ನು ಪರದೆಯ ಹಿಂದೆ ಪ್ರಾಂಪ್ಟರ್ ಮಾಡಿದರು. ನಾನು ಮಾತು ಮರೆತಾಗಲೆಲ್ಲ ಕತ್ತಲಿನಿಂದ ಅವನ ಪಿಸುದನಿ. ಹನ್ನೆರಡು ವರ್ಷ ಒಂದು ಸಲವೂ ತಪ್ಪಿಸಲಿಲ್ಲ. ಚಪ್ಪಾಳೆ ನನಗೆ.

ಇದನ್ನೆಲ್ಲ ಇವತ್ತು ಯಾಕೆ ಬರೆದೆ...

ಮಾರ್ಚ್ 11, ಮಂಗಳವಾರ. ಸಂಜೆ

ಅಕ್ಕ ಮತ್ತೆ ಬಂದಳು. ಗೆರೆಯ ಮೇಲೆಯೇ ನಿಲ್ಲಿಸಿದಳು. "ಬೆಳಿಗ್ಗೆ ಮಾತ್ರ ಕಣೋ. ಮನೆಯಿಂದ ಇಳಿಜಾರು ಇಳಿಯೋವಾಗ ಕಾಲು ಒಳಗೆ ಹೋಗ್ತಾ ಹೋಗ್ತಾ ಇರತ್ತೆ. ಹತ್ತು ಗಂಟೆ ಆದ್ಮೇಲೆ ಸರಿಯಾಗತ್ತೆ."

ಬ್ರೇಕಿಗೂ ಗಡಿಯಾರ ಇದೆಯೇ? ಹಳೆಯ ಆಯಿಲ್ ಎಲ್ಲ ತೆಗೆದು ಹೊಸದು ಹಾಕಿದೆ. ಪೈಪು ನೋಡಿದೆ, ಸೋರಿಕೆ ಇಲ್ಲ. ಮಾಸ್ಟರ್ ಸಿಲಿಂಡರ್ ಕೆಳಗೆ ಬೆರಳಾಡಿಸಿದೆ, ಒಣಗಿದೆ. ಮಷಿನ್ ಹಾಕಿ ಮತ್ತೆ ಏರ್ ತೆಗೆದೆ. ಗುಳ್ಳೆ ಬರಲಿಲ್ಲ. ತಮ್ಮ ಕಾರಿಗೆ ಲ್ಯಾಪ್‌ಟಾಪ್ ಚುಚ್ಚಿ, ನೋಡಿ, ಬೋರ್ಡಿನಲ್ಲಿ ಬರೆದ: ದೋಷದ ಕೋಡ್ ಇಲ್ಲ.

ಅಕ್ಕ ಕಾಯುತ್ತ ನಿಂತಿದ್ದಳು. ಸೋತಿದ್ದೆ. ಸೋತ ರಾಜನ ಬಾಯಲ್ಲಿ ಬರುವಂಥ ಮಾತೇ ಬಂತು.

"ಅಕ್ಕಾ, ಗಾಡಿಗೇನೂ ಆಗಿಲ್ಲ. ನಿನ್ನ ಕಾಲಿಗೆ ವಯಸ್ಸಾಗಿದೆ."

ಶೆಡ್ಡಿಗೆಲ್ಲ ಕೇಳಿಸುವ ಹಾಗೆ ಹೇಳಿದೆ. ಸ್ಕೂಟರಿನವನು ನಕ್ಕ. ಅಕ್ಕ ನಗಲಿಲ್ಲ. ಕೀ ತಗೊಂಡಳು, ಸದ್ದಿಲ್ಲದ ಗಾಡಿಯಲ್ಲಿ ಸದ್ದಿಲ್ಲದೆ ಹೋದಳು.

ಗೆರೆಯಾಚೆ ತಮ್ಮ ತಲೆಯೆತ್ತಿ ನೋಡಿದ. ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ನಾನು ಬೆನ್ನು ತಿರುಗಿಸಿದೆ.

ಮಾರ್ಚ್ 17, ಸೋಮವಾರ

ಬರೆಯಲೇಬೇಕು. ಬರೆಯದಿದ್ದರೆ ಎದೆಯಲ್ಲಿ ಕೊಳೆಯುತ್ತದೆ.

ಶುಕ್ರವಾರ ಬೆಳಿಗ್ಗೆ ಎಂಟೂ ಇಪ್ಪತ್ತು. ಅಕ್ಕನ ಮನೆಯಿಂದ ದೊಡ್ಡ ರಸ್ತೆಗಿಳಿಯುವ ಇಳಿಜಾರು. ಅದರ ತುದಿಯಲ್ಲಿ ಶಾಲೆಯ ಗೇಟು. ಸ್ಟೀರಿಂಗಿನಲ್ಲಿ ಟೈಲರಮ್ಮ, ಪಕ್ಕದಲ್ಲಿ ಅಕ್ಕ. ಅರ್ಧ ಇಳಿದಿದ್ದಾರೆ, ಗೇಟಿನ ಬಳಿ ಮಕ್ಕಳ ಸಾಲು. ಟೈಲರಮ್ಮ ಬ್ರೇಕ್ ಒತ್ತಿದ್ದಾರೆ. ಗಾಡಿ ನಿಧಾನವಾಗಿಲ್ಲ. ಅಕ್ಕ ತನ್ನ ಪೆಡಲ್ ತುಳಿದಿದ್ದಾಳೆ. ಅದು ನೆಲ ಮುಟ್ಟಿದೆ! ಹ್ಯಾಂಡ್‌ಬ್ರೇಕಿನ ಗುಂಡಿ ಎಳೆದು ಹಿಡಿದು, ಇನ್ನೊಂದು ಕೈಯಲ್ಲಿ ಸ್ಟೀರಿಂಗ್ ಕಸಿದು, ಮನೆ ಕಟ್ಟುತ್ತಿದ್ದವರ ಮರಳಿನ ರಾಶಿಗೆ ನುಗ್ಗಿಸಿದ್ದಾಳೆ. ಗೇಟಿಗೆ ಇನ್ನು ಇಪ್ಪತ್ತು ಹೆಜ್ಜೆ ಇತ್ತಂತೆ. ಇಪ್ಪತ್ತು.

ಮಕ್ಕಳಿಗೆ ಏನೂ ಆಗಿಲ್ಲ. ಇದನ್ನು ಮೂರು ದಿನದಿಂದ ಜಪದ ಹಾಗೆ ಹೇಳಿಕೊಳ್ಳುತ್ತಿದ್ದೇನೆ. ಅಕ್ಕನ ಮಣಿಕಟ್ಟು ಮುರಿದಿದೆ. ಟೈಲರಮ್ಮನ ಹಣೆಯಲ್ಲಿ ನಾಲ್ಕು ಹೊಲಿಗೆ.

ಮರಳಿನ ಮೇಲೆ ಕೂತೇ ಟೈಲರಮ್ಮ ಎಲ್ಲರಿಗೂ ಹೇಳಿದರಂತೆ, "ನಾನೇ ತಪ್ಪು ಪೆಡಲ್ ತುಳಿದೆ, ನಾನೇ, ನಾನೇ." ಜನ ಒಪ್ಪಿಕೊಂಡರು. ಕಲಿಯುವವರು, ಗಾಬರಿ, ವಯಸ್ಸು. ಎಲ್ಲ ಸರಿಹೊಂದಿತು.

ಸುದ್ದಿ ಕೇಳಿ ನನಗೆ ಮೊದಲು ಆದದ್ದೇನು? ಇದು ಯಾರೂ ಓದದ ಪುಸ್ತಕ, ಬರೆದುಬಿಡುತ್ತೇನೆ. ಸಮಾಧಾನ. ಅವರ ತಪ್ಪು, ನನ್ನದಲ್ಲ. ಥೂ.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ 11

ಅಕ್ಕನ ಮನೆಗೆ ಹೋಗಿಬಂದೆ. ಕುರ್ಚಿಯಲ್ಲಿ ಕೂತಿದ್ದಾಳೆ, ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಪ್ಲಾಸ್ಟರ್ ಕಟ್ಟಿದ ಕೈ.

"ಟೈಲರಮ್ಮ ಅಂಗಡಿ ತೆರೆದಿಲ್ಲಂತೆ ಕಣೋ. ಮಷಿನ್ ಮುಂದೆ ಕೂತ್ರೆ ಕಾಲು ನಡುಗತ್ತಂತೆ. ಮೂವತ್ತು ವರ್ಷ ತುಳಿದ ಪೆಡಲ್ ಮೇಲೆ ಕಾಲಿಡೋಕೆ ಭಯ ಅಂತಾರೆ."

ಜಾರುತ್ತಿದ್ದ ದಿಂಬನ್ನು ಮೇಲಕ್ಕೆಳೆದು ಕೂರಿಸಿದೆ.

"ಅವರು ಎಲ್ಲ ತಮ್ಮ ಮೇಲೆ ಹಾಕ್ಕೊಂಡಿದ್ದಾರೆ. ಆದ್ರೆ ನಾನೂ ತುಳಿದೆನಲ್ಲೋ. ಪೂರ್ತಿ ತುಳಿದೆ ಅಂತಾನೇ ನೆನಪು." ಕಿಟಕಿಯ ಕಡೆ ನೋಡಿದಳು. "ನೀನು ಹೇಳಿದ್ದು ನಿಜ ಇರಬೇಕು. ಕಾಲಿಗೆ ವಯಸ್ಸಾಯ್ತು. ಸ್ಕೂಲು ಮುಚ್ಚಿಬಿಡ್ತೀನಿ."

ಹೊರಗೆ ಬಂದೆ. ಮೆಟ್ಟಿಲ ಮೇಲೇ ನಿಂತು ಕ್ರೇನಿನವನಿಗೆ ಫೋನ್ ಮಾಡಿದೆ.

ಮಾರ್ಚ್ 19, ಬುಧವಾರ

ಕ್ರೇನಿನವನು ಅಕ್ಕನ ಕಾರು ತಂದಿಳಿಸಿದ. ಅಭ್ಯಾಸಬಲದಿಂದಲೋ ಏನೋ, ಗೆರೆಯ ಮೇಲೆಯೇ ಇಳಿಸಿದ. ಮೂತಿ ಜಜ್ಜಿದೆ, ದೀಪದ ಗೂಡಿನಲ್ಲಿ ಮರಳು.

ಬೋರ್ಡಿನಲ್ಲಿ ತಮ್ಮನ ಬರಹ. ಇಷ್ಟುದ್ದ ಅವನು ಯಾವತ್ತೂ ಬರೆದಿಲ್ಲ:

ಅಕ್ಕ ಇಡೀ ರಾತ್ರಿ ಚಾರ್ಜ್ ಹಾಕುತ್ತಾಳೆ. ಬೆಳಿಗ್ಗೆ ಬ್ಯಾಟರಿ ತುಂಬಿರುತ್ತದೆ. ತುಂಬಿದ ಬ್ಯಾಟರಿಗೆ ಮೋಟಾರ್ ಇನ್ನಷ್ಟು ಕರೆಂಟ್ ಕಳಿಸಲಾರದು, ಹಾಗಾಗಿ ಹಿಂದಕ್ಕೆಳೆದು ನಿಲ್ಲಿಸುವುದಿಲ್ಲ. ಆಗ ಬರೀ ಬ್ರೇಕೇ ನಿಲ್ಲಿಸಬೇಕು. ನಾವು ನೋಡಿದ್ದೆಲ್ಲ ಮಧ್ಯಾಹ್ನ.

ಓದಿದೆ. ಇನ್ನೊಮ್ಮೆ ಓದಿದೆ. ಮಧ್ಯಾಹ್ನದ ಹೊತ್ತು ಮೋಟಾರು ಮುಂದೆ ನಿಂತು ಪಾತ್ರ ನಿಭಾಯಿಸುತ್ತಿತ್ತು, ಹಿಂದೆ ನಿಂತ ಬ್ರೇಕಿನ ಮಾನ ಕಾಯುತ್ತಿತ್ತು. ಬೆಳಿಗ್ಗೆ ಬ್ರೇಕೊಂದೇ ರಂಗದ ಮೇಲೆ. ಒಂದೇ! ಅಕ್ಕ ಹೇಳಿದ್ದು ಅಕ್ಷರಶಃ ನಿಜ.

ಎಡ ಚಕ್ರ ಬಿಚ್ಚಿದೆ. ನಿಪ್ಪಲ್ ಕೆಳಮುಖ.

ನೆಲಕ್ಕೆ ಮಲಗಿ ಅದನ್ನೇ ನೋಡಿದೆ. ಗಾಳಿ ಮೇಲೆ ಹೋಗುತ್ತದೆ. ನೀರಿನ ಬಾಟಲಿ ಅಲ್ಲಾಡಿಸಿದ ಮಗುವಿಗೂ ಗೊತ್ತು, ಗುಳ್ಳೆ ಮೇಲಕ್ಕೇರುತ್ತದೆ. ಅದಕ್ಕೇ ನಿಪ್ಪಲ್ ತುದಿಯಲ್ಲಿ, ಮೇಲೆ ಇರಬೇಕು. ಕೆಳಗಿನಿಂದ ಎಷ್ಟು ಆಯಿಲ್ ನೂಕಿದರೂ ಗಾಳಿ ಮೇಲೆ ಗೂಡು ಕಟ್ಟಿಕೊಂಡು ಕೂತಿರುತ್ತದೆ. ಒತ್ತಿದರೆ ಗಾಳಿ ಕುಗ್ಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ದಿಂಬು! ಅಕ್ಕ ಹೇಳಿದ ಹತ್ತಿ ದಿಂಬು!

ಎದ್ದೆ. ಗೆರೆ ದಾಟಿದೆ. ಹನ್ನೊಂದು ತಿಂಗಳಲ್ಲಿ ಮೊದಲ ಸಲ. ಆ ಕಡೆಯ ಚಕ್ರದ ಹಿಂದೆ ಟಾರ್ಚ್ ಹಿಡಿದೆ. ಅದೂ ಕೆಳಮುಖ.

ಡಬ್ಬಗಳು ಶೆಡ್ಡಿನಲ್ಲೇ ಇದ್ದವು. ನನ್ನದರಲ್ಲಿ ನಾನು ಬಲ್ಬ್ ತುಂಬಿಟ್ಟಿದ್ದೆ, ಅವನದರಲ್ಲಿ ಅವನು ಸ್ಕ್ರೂ. ತಿರುಗಿಸಿ ಓದಿದೆ. ನನ್ನ ಡಬ್ಬದ ಮೇಲೆ: ಬಲ. ಅವನದರ ಮೇಲೆ: ಎಡ. ಎಡಗಾಲಿನ ಚಪ್ಪಲಿ ಬಲಗಾಲಿಗೆ, ಬಲಗಾಲಿನದು ಎಡಗಾಲಿಗೆ. ಒಬ್ಬನೇ ಮಾಡಿದ್ದರೆ ಎರಡು ಡಬ್ಬವನ್ನೂ ಒಟ್ಟಿಗೆ ತೆರೆಯುತ್ತಿದ್ದ, ಅಕ್ಕಪಕ್ಕ ಇಟ್ಟು ನೋಡುತ್ತಿದ್ದ. ಮಾತು ಇದ್ದವರಾದರೆ ಕೇಳುತ್ತಿದ್ದರು. ಗೆರೆಯ ಎರಡೂ ಕಡೆ ಕೂತ ನಾವು ನಮ್ಮ ಮುಂದೆ ಬಂದದ್ದನ್ನು ತೆಗೆದು ಹಾಕಿದೆವು.

"ಅಣ್ಣಾ, ಬ್ಯಾಟರಿ ಮೇನ್ ಆಫ್ ಮಾಡಿದ್ದೀನಿ. ಮುಟ್ಟಬಹುದು."

ಹಿಂದೆ ತಮ್ಮ ನಿಂತಿದ್ದ. ಅವನ ದನಿ ಮರೆತೇಹೋಗಿತ್ತು. ಅದೇ ಪಿಸುದನಿ.

"ನೋಡಿದೆಯಾ?" ಅಂದೆ.

"ಅವತ್ತೇ ನೋಡಿದೆ. ಹಾಕೋವಾಗ್ಲೇ."

"ಹೇಳೋಕೆ ಏನಾಗಿತ್ತು ನಿನಗೆ?"

"ಬ್ರೇಕು ನಿಂದು. ನಲವತ್ತು ವರ್ಷ ಆ ಕೆಲಸ ಮಾಡಿದವನು ನೀನು. ನಿನ್ನ ಕಡೆ ಹೇಗಿದೆ ಅಂತ ಬಗ್ಗಿ ನೋಡಿದೆ, ಅಲ್ಲೂ ಕೆಳಗಿತ್ತು. ಅಣ್ಣನೇ ಹೀಗೆ ಹಾಕಿದ್ದಾನೆ ಅಂದ್ಮೇಲೆ ಹೀಗೇ ಇರಬೇಕು ಅಂದ್ಕೊಂಡೆ." ನನ್ನ ಕೈಯ ಟಾರ್ಚ್ ಆರಿಸಿ ಕೇಳಿದ, "ನಿನಗೆ ಕೇಳೋಕೆ ಏನಾಗಿತ್ತು?"

ನನ್ನ ಬಳಿ ಉತ್ತರವಿತ್ತು. ಹನ್ನೊಂದು ತಿಂಗಳಿನಿಂದ ತಿದ್ದಿ ತೀಡಿದ ಉತ್ತರ. ನಾನು ಕಟ್ಟಿದ ಶೆಡ್ಡಿನಲ್ಲಿ, ಮೂವರು ಗಿರಾಕಿಗಳ ಮುಂದೆ, ನೀನು ಹಳದಿ ಬಣ್ಣ ಬಳಿದು "ಅಣ್ಣಾ, ಈ ಗೆರೆ ದಾಟಬೇಡ" ಅಂದೆಯಲ್ಲಾ! ಒಂದೇ ಉಸಿರಿನಲ್ಲಿ ಹೇಳಿದೆ.

"ಆವತ್ತು ಇನ್ನೊಂದು ಕಾರಿನ ಬ್ಯಾಟರಿ ತೆರೆದಿಟ್ಟಿದ್ದೆ ಅಣ್ಣಾ. ನೀನು ಸ್ಪ್ಯಾನರ್ ಹಿಡ್ಕೊಂಡು, ಡೈಲಾಗ್ ಹೇಳ್ತಾ, ಕೈ ಬೀಸ್ತಾ ಬರ್ತಿದ್ದೆ. ತಾಗಿದ್ರೆ ನನ್ನ ಮೇಲೆ ಮುನಿಸ್ಕೊಳ್ಳೋಕೂ ನೀನು ಇರ್ತಿರ್ಲಿಲ್ಲ."

ಕೂತೆ. ಅವನೂ ಕೂತ. ಅವನ ಕಡೆಯ ನೆಲ ನನ್ನ ಕಡೆಗಿಂತ ಸ್ವಚ್ಛವಾಗಿದೆ. ಅದನ್ನೂ ಇವತ್ತೇ ನೋಡಿದ್ದು.

ಮಾರ್ಚ್ 20, ಗುರುವಾರ

ಎರಡನ್ನೂ ಬಿಚ್ಚಿ ಅದಲು ಬದಲು ಮಾಡಿದೆವು. ನಿಪ್ಪಲ್ ಮೇಲ್ಮುಖ. ಅವನದನ್ನು ನಾನು ನೋಡಿದೆ, ನನ್ನದನ್ನು ಅವನು ನೋಡಿದ. ಅವನು ಪ್ರೆಷರ್ ಮಷಿನ್ ತರಲು ಹೊರಟ.

"ಬೇಡ," ಅಂದೆ. "ಹಳೇ ಥರ ಮಾಡೋಣ."

ಅಪ್ಪನ ಕಂಪನಿಯ ವ್ಯಾನಿಗೆ ಹೀಗೆಯೇ ಮಾಡುತ್ತಿದ್ದೆವು. ಅವನಿಗೆ ಪೆಡಲ್ ಎಟುಕುತ್ತಿರಲಿಲ್ಲ, ಸ್ಟೀರಿಂಗ್ ಹಿಡಿದು ನಿಂತೇ ತುಳಿಯುತ್ತಿದ್ದ. ಇವತ್ತು ಸೀಟಿನಲ್ಲಿ ಕೂತ, ನಾನು ಕೆಳಗೆ ಮಲಗಿದೆ.

"ಒತ್ತು!"

"ಒತ್ತಿದೆ!"

"ಹಿಡಿ!"

"ಹಿಡಿದಿದ್ದೀನಿ!"

ನಿಪ್ಪಲ್ ಸಡಿಲಿಸಿದೆ. ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಬಂತು. ಒಂದಲ್ಲ, ಎರಡಲ್ಲ. ಸೋಡಾ ಬಾಟಲಿ ಒಡೆದ ಹಾಗೆ ಬುಸುಬುಸು. ಇಷ್ಟು ಗಾಳಿ. ಇಷ್ಟು ಗಾಳಿಯ ಮೇಲೆ ಕಾಲಿಟ್ಟು ಅಕ್ಕ ಹದಿನೈದು ಮಂದಿಗೆ ಪಾಠ ಮಾಡಿದ್ದಾಳೆ.

"ಬಿಡು!"

"ಬಿಟ್ಟೆ! ಅಣ್ಣಾ, ಸ್ವಲ್ಪ ಮೆಲ್ಲಗೆ ಹೇಳು, ನಾನು ಕಾರೊಳಗೇ ಇದ್ದೀನಿ, ಪಕ್ಕದೂರಲ್ಲಿ ಅಲ್ಲ."

ನಗು ಬರಬೇಕಿತ್ತು. ಕಣ್ಣಲ್ಲಿ ಬ್ರೇಕ್ ಆಯಿಲ್ ಬಿತ್ತು ಎಂದು ಒರೆಸಿಕೊಂಡೆ.

ಒಂದು ಚಕ್ರಕ್ಕೆ ಹತ್ತೊಂಬತ್ತು ಸಲ, ಇನ್ನೊಂದಕ್ಕೆ ಇಪ್ಪತ್ತಮೂರು. ಹಿಂದಿನೆರಡಕ್ಕೂ ಮಾಡಿದೆವು. ಪೆಡಲ್ ಈಗ ಕಲ್ಲು.

ಮಾರ್ಚ್ 21, ಶುಕ್ರವಾರ. ಬೆಳಿಗ್ಗೆ 7

ಬ್ಯಾಟರಿ ತುಂಬಿಸಿ ಅಕ್ಕನ ಮನೆಯ ಇಳಿಜಾರಿಗೆ ಒಯ್ದೆವು. ಶಾಲೆ ಶುರುವಾಗುವ ಮೊದಲೇ. ತಮ್ಮ ಕೆಳಗೆ ರಸ್ತೆಗಡ್ಡ ನಿಂತು ಯಾರೂ ಬರದಂತೆ ಕಾದ. ನಾನು ಓಡಿಸಿದೆ. ಒಂದೇ ಸಲ ಒತ್ತಿದೆ. ಮೊಳೆ ಹೊಡೆದ ಹಾಗೆ ನಿಂತಿತು. ಆರು ಸಲ ಇಳಿದೆ, ಆರು ಸಲವೂ ನಿಂತಿತು.

ರಿಜಿಸ್ಟರಿನಲ್ಲಿ 'ಬ್ರೇಕ್ ಸರಿ' ಎಂದು ಬರೆಯಲು ಹೋದೆ. ಕೈ ಬರಲಿಲ್ಲ. ನಾಲ್ಕನೇ ತಾರೀಖಿನ ಸಾಲಿನಲ್ಲೂ ಅದೇ ಎರಡು ಪದ, ಅದೇ ಕೈ, ಅದೇ ಜಂಬದ ಬಾಲವಿಟ್ಟ ಅಕ್ಷರ. ತಮ್ಮ ಪೆನ್ನು ತಗೊಂಡು ಬರೆದ: ಇಬ್ಬರೂ ನೋಡಿದ್ದೇವೆ.

ಸಂಜೆ 4

ಟೈಲರಮ್ಮನಿಗೆ ಹೇಳಬೇಕು. ಮಾತು ಬರೆದುಕೊಳ್ಳುತ್ತಿದ್ದೇನೆ.

ಒಂದು: "ಅಮ್ಮಾ, ವಿಧಿಯ ಆಟ..." ವಿಧಿಗೆ ಸ್ಪ್ಯಾನರ್ ಹಿಡಿಯಲು ಬರುತ್ತದೆಯೇ? ಹೊಡೆದುಹಾಕಿದೆ.

ಎರಡು: "ಡಬ್ಬ ಇಟ್ಟವನ ಅಜಾಗರೂಕತೆ..." ಅವನು ಡಬ್ಬ ಇಟ್ಟ. ಓದಬೇಕಾದವನು ನಾನು.

ಮೂರು: "ಹೊಸ ಜಾತಿಯ ಕಾರು, ಯಾರಿಗೂ ತಿಳಿಯದ ಗುಟ್ಟು..." ಗಾಳಿ ಮೇಲೆ ಹೋಗುವುದು ಗುಟ್ಟೇ!

ನಾಲ್ಕೂ ಐದೂ ಹರಿದೆ. ಎಲ್ಲದರಲ್ಲೂ ಖಳನಾಯಕ ಬೇರೆ ಯಾರೋ. ನಾನು ಮಾತ್ರ ಕಿರೀಟ ತೊಟ್ಟೇ ಇದ್ದೇನೆ.

ಹೆಂಡತಿ ಹಿಂದೆ ನಿಂತು ಓದಿದಳು. "ರೀ, ಇಷ್ಟುದ್ದ ಬೇಡ. ಅವರಿಗೆ ಹಣೇಲಿ ಹೊಲಿಗೆ ಇದೆ, ಪಾಪ, ಜಾಸ್ತಿ ಹೊತ್ತು ಕೂರೋಕಾಗಲ್ಲ" ಅಂದಳು.

ಮಾರ್ಚ್ 22, ಶನಿವಾರ. ಮಧ್ಯಾಹ್ನ

ಹೇಳಿಬಂದೆವು.

ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಷಿನ್ ಮೇಲೆ ಬಟ್ಟೆ ಹೊದಿಸಿದೆ. ಟೈಲರಮ್ಮ ಸ್ಟೂಲಿನ ಮೇಲೆ ಕೂತು ಕೈಸೂಜಿಯಲ್ಲಿ ಗುಂಡಿ ಹಾಕುತ್ತಿದ್ದರು. ಪಕ್ಕದಲ್ಲಿ ಅಕ್ಕ. ನಾನೇ ಕರೆಸಿದ್ದೆ. ತಮ್ಮ ಬಾಗಿಲ ಹೊರಗೆ ನಿಂತ.

ಎಲ್ಲರ ಕಣ್ಣು ನನ್ನ ಮೇಲೆ. ಬಾಯಿ ತೆರೆದೆ. ಒಂದಕ್ಷರ ಬರಲಿಲ್ಲ. ಸಾವಿರ ಜನರ ಮುಂದೆ ಗುಡುಗಿದವನ ಗಂಟಲಲ್ಲಿ ಬರೀ ಗಾಳಿ.

ಬಾಗಿಲಾಚೆಯಿಂದ ಪಿಸುದನಿ ಬಂತು. "ತಪ್ಪು ನಮ್ಮದು."

"ತಪ್ಪು ನಮ್ಮದು," ಅಂದೆ.

"ನೀವು ಸರಿಯಾಗೇ ತುಳಿದ್ರಿ."

"ನೀವು ಸರಿಯಾಗೇ ತುಳಿದ್ರಿ ಅಮ್ಮಾ. ಅಕ್ಕನೂ ಸರಿಯಾಗೇ ತುಳಿದ್ಲು. ಬ್ರೇಕಿನೊಳಗೆ ಗಾಳಿ ಇತ್ತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ವಿ. ಕಣ್ಣಿಗೆ ಕಂಡಿತ್ತು. ಇಬ್ರಿಗೂ ಕಂಡಿತ್ತು. ಒಬ್ರನ್ನೊಬ್ರು ಕೇಳಲಿಲ್ಲ." ಇದನ್ನು ಯಾರೂ ಹೇಳಿಕೊಡಲಿಲ್ಲ. ಇದು ನನ್ನದೇ.

ಟೈಲರಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. ಬೈಯಲಿ ಎಂದು ಕಾದೆ. ಬೈದರೆ ಎಷ್ಟೋ ಸುಲಭವಿತ್ತು.

"ಎಂಟು ದಿನದಿಂದ," ಅಂದರು, "ಕಣ್ಣು ಮುಚ್ಚಿದ್ರೆ ಆ ಮಕ್ಕಳು. ನನ್ನ ಕಾಲನ್ನ ಕತ್ತರಿಸಿ ಎಸೀಬೇಕು ಅನ್ನಿಸ್ತಿತ್ತು. ನೀವು ಇವತ್ತು ಬಂದಿದ್ದೀರಿ."

ಅಷ್ಟೇ. ಕ್ಷಮಿಸಿದೆ ಅನ್ನಲಿಲ್ಲ. ಯಾಕೆ ಅನ್ನಬೇಕು.

ಅಕ್ಕ ನನ್ನ ಮುಖ ನೋಡಲೇ ಇಲ್ಲ. ಪ್ಲಾಸ್ಟರ್ ಕೈ ಎತ್ತಿ ತೋರಿಸಿದಳು. "ಮಾತು ಸಾಕು. ನಾಳೆ ಭಾನುವಾರ, ಶಾಲೆ ಇರಲ್ಲ. ಬ್ಯಾಟರಿ ಪೂರ್ತಿ ತುಂಬಿರಬೇಕು. ಅದೇ ಇಳಿಜಾರು. ಇವರು ಓಡಿಸ್ತಾರೆ, ಇವರಿಗೆ ಮನಸ್ಸಿದ್ರೆ. ನನ್ನ ಸೀಟಲ್ಲಿ ನೀನು ಕೂತ್ಕೋ. ಹಿಂದೆ ಅವನು."

ಟೈಲರಮ್ಮ ತಮ್ಮ ಕಾಲನ್ನೇ ನೋಡುತ್ತ ಕೂತಿದ್ದರು. ಆಮೇಲೆ ನನ್ನನ್ನು ಕೇಳಿದರು, "ನೀವು ಆ ಪಕ್ಕದ ಪೆಡಲ್ ತುಳೀಬಾರದು. ಕಾಲು ಮಡಚಿ ಸೀಟಿನ ಮೇಲೆ ಇಟ್ಕೋಬೇಕು. ಆಗುತ್ತಾ?"

ಆಗುತ್ತದೆ ಅಂದೆ. ಕಡೆಯ ಬೆಂಚಿಗೆ ಕೇಳಿರಲಾರದು.

ಮಾರ್ಚ್ 23, ಭಾನುವಾರ. ಬೆಳಿಗ್ಗೆ 6.40

ಅಕ್ಕನ ಮನೆ ಮುಂದೆ, ಕಾರಿನೊಳಗೆ. ಮೊಣಕಾಲ ಮೇಲೆ ಪುಸ್ತಕ. ಬ್ಯಾಟರಿ ನೂರಕ್ಕೆ ನೂರು ತೋರಿಸುತ್ತಿದೆ.

ಬೆಳಿಗ್ಗೆ ಐದಕ್ಕೇ ಎದ್ದು ಇಬ್ಬರೂ ಟಾರ್ಚ್ ಹಿಡಿದು ನಾಲ್ಕು ಚಕ್ರ ನೋಡಿದೆವು. ನಾನು ಬಲಗಡೆ, ಅವನು ಎಡಗಡೆ. ಆಮೇಲೆ ಜಾಗ ಬದಲಾಯಿಸಿ ಮತ್ತೆ. ಎಲ್ಲ ಸರಿ. ಆದರೂ ಮೂರನೇ ಸಲ ಬಗ್ಗಿ ನೋಡಿದೆ. ನಾಲ್ಕನೇ ತಾರೀಖೂ ನನಗೆ ಎಲ್ಲ ಸರಿಯೇ ಇತ್ತಲ್ಲ.

ಈ ಸೀಟಿನಲ್ಲಿ ಇದೇ ಮೊದಲು ಕೂತದ್ದು. ಇಲ್ಲಿಂದ ರಸ್ತೆ ಬೇರೆಯಾಗಿ ಕಾಣುತ್ತದೆ. ಸ್ಟೀರಿಂಗ್ ಇಲ್ಲ, ಬರೀ ಒಂದು ಪೆಡಲ್. ಮೂವತ್ತು ವರ್ಷ ಅಕ್ಕ ಇದೊಂದನ್ನೇ ನಂಬಿ ಕೂತಳು.

ಇಳಿಜಾರಿನ ತುದಿಯಲ್ಲಿ ಶಾಲೆಯ ಗೇಟು ಮುಚ್ಚಿದೆ. ಮರಳಿನ ರಾಶಿಯಲ್ಲಿ ಕಾರು ನುಗ್ಗಿದ ತಗ್ಗು ಹಾಗೇ ಇದೆ.

ಟೈಲರಮ್ಮ ಬಂದರು. ಹಣೆಗೆ ಪಟ್ಟಿ, ಕಾಲಿಗೆ ಹೊಲಿಗೆ ಮಷಿನ್ ತುಳಿಯುವ ಹಳೆಯ ಚಪ್ಪಲಿ. ಕೂತರು. ಸೀಟು ಮುಂದಕ್ಕೆ ಎಳೆದುಕೊಂಡರು. ಕನ್ನಡಿ ಸರಿ ಮಾಡಿದರು. ಕಾಲು ಇನ್ನೂ ಪೆಡಲಿನ ಮೇಲಿಟ್ಟಿಲ್ಲ.

ಅಕ್ಕ ತನ್ನ ಮನೆಯ ಗೇಟಿನಲ್ಲಿ ನಿಂತಿದ್ದಾಳೆ. ಕೈ ಬೀಸಲಿಲ್ಲ.

ಎರಡೂ ಕಾಲು ಮಡಚಿ ಸೀಟಿನ ಮೇಲಿಟ್ಟೆ. ಹಿಂದಿನಿಂದ ತಮ್ಮ ಪಿಸುಗುಡುತ್ತಿದ್ದಾನೆ, ಅಣ್ಣಾ, ಬರೆದಿದ್ದು ಸಾಕು, ಪೆನ್ನು ಮುಚ್ಚು, ಅವರು ಕಾಲು